ಶ್ರೀರಂಗಪಟ್ಟಣದಲ್ಲಿ ಹೊಳೆ ಪಕ್ಕ ಜಾಗಿಂಗ್‌ಗೆ ಮಟ್ಟಸವಾದ ಸುತ್ತು ಯಾವುದು?

ದುರ್ಗದ ಟೀಚರ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಚಿತ್ರದುರ್ಗದಿಂದ ವರ್ಗವಾಗಿ ಶ್ರೀರಂಗಪಟ್ಟಣಕ್ಕೆ ಬಂದಿದ್ದೇನೆ. ಮನೆ ಬಸ್ ಸ್ಟ್ಯಾಂಡಿಗೆ ಹತ್ತಿರ. ವಯಸ್ಸು 47. ದುರ್ಗದಲ್ಲಿದ್ದಾಗ ಜೋಗಿಮಟ್ಟಿ ರಸ್ತೆಯಲ್ಲಿ ಬೆಳಿಗ್ಗೆ ವಾಕಿಂಗ್ ಹೋಗುತ್ತಿದ್ದೆ. ಬರಬರುತ್ತಾ ಅದೇ ಜಾಗಿಂಗ್ ಆಯಿತು. ಏರು ಹತ್ತುವಾಗ ಏನೂ ಆಗುತ್ತಿರಲಿಲ್ಲ. ಇಳಿಜಾರಿನಲ್ಲಿ ಓಡುವಾಗ ಮಾತ್ರ ಎಡ ಮಂಡಿಚಿಪ್ಪಿನ ಕೆಳಗೆ ಚುಚ್ಚುವ ನೋವು. ಡಾಕ್ಟರಿಗೆ ತೋರಿಸಿದೆ. ಮೂಳೆಗೆ ಏನೂ ಆಗಿಲ್ಲ, ಓಡುವುದು ಬಿಡಬೇಡಿ, ಕೆಲವು ತಿಂಗಳು ಮಟ್ಟಸವಾದ ಜಾಗದಲ್ಲಿ ನಿಧಾನಕ್ಕೆ ಓಡಿ ಅಂದರು.

ಅಮ್ಮನಿಗೆ ಸಕ್ಕರೆ ಕಾಯಿಲೆ ಇತ್ತು. ಅಣ್ಣನಿಗೆ ಇದೆ. ನನಗೆ ಬರುವುದಾದರೂ ಆದಷ್ಟು ತಡವಾಗಿ ಬರಲಿ ಅನ್ನುವುದು ನನ್ನ ಆಸೆ. ಅದಕ್ಕೇ ಓಟ ನಿಲ್ಲಿಸಲು ಮನಸ್ಸಿಲ್ಲ.

ಇಲ್ಲಿ ಎಲ್ಲಿ ನೋಡಿದರೂ ಗದ್ದೆ, ತೆಂಗು, ನೀರು. ದುರ್ಗದವರಿಗೆ ಇಷ್ಟು ನೀರು ಕಂಡರೇ ಹಬ್ಬ. ಹೊಳೆ ದಂಡೆಯಲ್ಲೇ ಒಂದು ಸುತ್ತು ಹಾಕಿ ಮನೆಗೆ ಬರುವ ಹಾಗೆ ದಾರಿ ಇದೆಯಾ? 6ರಿಂದ 8 ಕಿ.ಮೀ. ಆದರೆ ಸಾಕು. ಹೋದ ದಾರಿಯಲ್ಲೇ ವಾಪಸ್ ಬರುವುದು ನನಗೆ ಬೇಜಾರು. ಐದೂವರೆಗೆ ಹೊರಟರೆ ಏಳರೊಳಗೆ ಮನೆ ಸೇರಬೇಕು. ಆಮೇಲೆ ಅಡುಗೆ, ಶಾಲೆ. ಹೋಗುವುದು ಒಬ್ಬಳೇ. ನಾಯಿ, ಹಾವು, ಕಬ್ಬಿನ ಟ್ರ್ಯಾಕ್ಟರ್, ಹೊಳೆಗೆ ನೀರು ಬಿಡುವುದು, ಇದೆಲ್ಲ ಊರಿನವರಿಗೆ ಚೆನ್ನಾಗಿ ಗೊತ್ತಿರುತ್ತದೆ. ದಯವಿಟ್ಟು ಹೇಳಿ. ಗೂಗಲ್ ಮ್ಯಾಪಿನಲ್ಲಿ ದಂಡೆ ಉದ್ದಕ್ಕೂ ಸಣ್ಣ ಗೆರೆಗಳು ಕಾಣುತ್ತವೆ. ಅವು ದಾರಿಯೋ, ಯಾರದೋ ಗದ್ದೆ ಬದುವೋ ತಿಳಿಯುತ್ತಿಲ್ಲ.

ಗಂಜಾಂ ಮನೆ

ಮೇಡಂ, ಒಳ್ಳೆ ಊರಿಗೆ ಬಂದಿದ್ದೀರಿ. ನಾನು ಗಂಜಾಂನಲ್ಲೇ ಹುಟ್ಟಿ ಬೆಳೆದವನು. ಕೆಲಸ ಮೈಸೂರಿನಲ್ಲಿ, ಆದರೆ ಬೆಳಗಿನ ಓಟ ಮಾತ್ರ ಊರಲ್ಲೇ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಪಟ್ಟಣ ಅಂದರೆ ಕಾವೇರಿ ಹೊಳೆ ನಡುವಿನ ದ್ವೀಪ. ಅದರ ಸುತ್ತ ನೀರಿನ ಅಂಚಲ್ಲೇ ಹೋಗುವ ಒಂದೇ ದಾರಿ ಅಂತ ಇಲ್ಲ. ಮ್ಯಾಪಿನ ಆ ಗೆರೆಗಳಲ್ಲಿ ಎಷ್ಟೋ ಗದ್ದೆ ಬದುಗಳು, ತೋಟದ ಕಾಲುದಾರಿಗಳು. ಕೆಲವು ಹೊಳೆವರೆಗೆ ಹೋಗಿ ಅಲ್ಲೇ ಮುಗಿದುಹೋಗುತ್ತವೆ. ಯಾರದೋ ಬೇಲಿ ದಾಟಿ ಓಡುವುದು ಸರಿಯಲ್ಲ, ಅದರ ಅಗತ್ಯವೂ ಇಲ್ಲ. ಇಡೀ ದ್ವೀಪದ ಉದ್ದ ಸುಮಾರು 5 ಕಿ.ಮೀ., ಅಗಲ ಒಂದೂವರೆ ಕಿ.ಮೀ. ಅಷ್ಟೇ. ಪಡುವಲ ತುದಿಯಲ್ಲಿ ಕೋಟೆ, ಮೂಡಲ ತುದಿಯಲ್ಲಿ ಸಂಗಮ. ಯಾವ ರಸ್ತೆ ಹಿಡಿದರೂ ಹೊಳೆ ದೂರ ಇರುವುದಿಲ್ಲ.

ನಾನು ನಿಮಗೆ ಹೇಳುವ ಸುತ್ತು ಇದು. ಬಸ್ ಸ್ಟ್ಯಾಂಡಿನಿಂದ ಮೂಡಲಕ್ಕೆ ಸಂಗಮದ ರಸ್ತೆ ಹಿಡಿಯಿರಿ. ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್ ದಾಟುತ್ತೀರಿ. ಮುಂದೆ ಟಿಪ್ಪು ಸಮಾಧಿ ಇರುವ ಗುಂಬಜ್. ಅಲ್ಲಿಂದ ಒಂದು ಕಿಲೋಮೀಟರಿನ ಆಚೀಚೆ ಸಂಗಮ. ವಾಪಸ್ ಬರುವಾಗ ಗಂಜಾಂ ಒಳಗೆ ತಿರುಗಿ ನಿಮಿಷಾಂಬ ಗುಡಿ ಕಡೆ ಹೋಗಿ. ಅಲ್ಲಿ ಉತ್ತರದ ಹೊಳೆ ಮೆಟ್ಟಿಲಿಗೇ ತಾಗಿಕೊಂಡು ಹರಿಯುತ್ತದೆ. ಆಮೇಲೆ ಊರೊಳಗಿನ ಬೀದಿಗಳಲ್ಲಿ ಬಂದು ಮತ್ತೆ ದೊಡ್ಡ ರಸ್ತೆ ಸೇರಿ. ಕೊನೆಯ ತುಂಡು ಮಾತ್ರ ಹೋದ ದಾರಿಯೇ ಆಗುತ್ತದೆ, ಉಳಿದದ್ದು ಸುತ್ತು. ನಿಮಗೆ ಬೇಕಾದ 8 ಕಿ.ಮೀ. ಹತ್ತಿರ ಹತ್ತಿರ ಆಗುತ್ತದೆ. ಇನ್ನೂ ಬೇಕು ಅನ್ನಿಸಿದ ದಿನ ವೆಲ್ಲೆಸ್ಲಿ ಸೇತುವೆವರೆಗೆ ಹೋಗಿ ಬನ್ನಿ. 1804ರಲ್ಲಿ ದಿವಾನ್ ಪೂರ್ಣಯ್ಯನವರು ಕಟ್ಟಿಸಿದ ಕಲ್ಲಿನ ಸೇತುವೆ. ಎಷ್ಟೋ ಪ್ರವಾಹ ಕಂಡಿದೆ, ಇನ್ನೂ ನಿಂತಿದೆ. ಬೆಳಗಿನ ಹೊತ್ತು ಅದರ ಮೇಲೆ ನಿಂತು ಕಾಲಿನ ಸ್ನಾಯು ಎಳೆದುಕೊಳ್ಳುವುದಕ್ಕಿಂತ ಒಳ್ಳೆ ಜಾಗ ನನಗೆ ಗೊತ್ತಿಲ್ಲ.

ಈಗ ಮಟ್ಟಸವಾದ ದಾರಿಯ ಬಗ್ಗೆ. ಇದನ್ನು ಮಾತ್ರ ಒತ್ತಿ ಹೇಳುತ್ತೇನೆ. ಮಟ್ಟಸ ಅಂದರೆ ಸುಲಭ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ದುರ್ಗದ ಏರಿನಲ್ಲಿ ಉಸಿರು ಕಟ್ಟಿದಾಗ ನೀವೇ ನಿಧಾನ ಆಗುತ್ತೀರಿ. ಇಳಿಜಾರಿನಲ್ಲಿ ಭಯಕ್ಕೆ ನಿಧಾನ ಆಗುತ್ತೀರಿ. ಇಲ್ಲಿ ನಿಮ್ಮನ್ನು ತಡೆಯುವುದು ಏನೂ ಇಲ್ಲ. ತಂಪು ಗಾಳಿ, ನೆಟ್ಟಗಿನ ರಸ್ತೆ, ಎರಡೂ ಕಡೆ ಹಸಿರು. ಗೊತ್ತಿಲ್ಲದ ಹಾಗೆ ವೇಗ ಏರಿರುತ್ತದೆ. ಕಾಲು ಪ್ರತಿ ಸಲವೂ ಒಂದೇ ರೀತಿ ನೆಲಕ್ಕೆ ಬೀಳುತ್ತದೆ. ಏರಿಳಿತ ಇದ್ದರೆ ಒಂದು ಸ್ನಾಯು ದುಡಿಯುವಾಗ ಇನ್ನೊಂದಕ್ಕೆ ಸ್ವಲ್ಪ ಬಿಡುವು. ಇಲ್ಲಿ ಆ ಬಿಡುವಿಲ್ಲ. ಹೊಸದಾಗಿ ಇಲ್ಲಿ ಓಡಲು ಶುರು ಮಾಡಿದವರಲ್ಲಿ ಮೀನಖಂಡ ಹಿಡಿದುಕೊಂಡಿತು, ಹಿಮ್ಮಡಿ ಮೇಲಿನ ನರ ನೋಯುತ್ತೆ ಅನ್ನುವವರೇ ಜಾಸ್ತಿ.

ಅದಕ್ಕೆ ಮೊದಲ ವಾರಗಳಲ್ಲಿ ಗಡಿಯಾರ ನೋಡಬೇಡಿ. ಪಕ್ಕದಲ್ಲಿ ಗೆಳತಿ ಇದ್ದರೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗಬೇಕು, ಅಷ್ಟೇ ವೇಗ. ಒಬ್ಬರೇ ಇದ್ದರೆ ಶಾಲೆಯ ಯಾವುದಾದರೂ ಪದ್ಯ ಬಾಯಲ್ಲಿ ಹೇಳಿಕೊಳ್ಳಿ. ಸಾಲಿನ ಮಧ್ಯೆ ಉಸಿರು ತುಂಡಾದರೆ ವೇಗ ಜಾಸ್ತಿ ಆಗಿದೆ ಅಂತ ಅರ್ಥ. ನಾಲ್ಕು ನಿಮಿಷ ಓಡಿ ಒಂದು ನಿಮಿಷ ನಡೆಯಿರಿ. ಏರು ಕೊಡುತ್ತಿದ್ದ ಬಿಡುವನ್ನು ಇಲ್ಲಿ ನಾವೇ ಕೊಟ್ಟುಕೊಳ್ಳಬೇಕು.

ಇನ್ನೊಂದು ವಿಷಯ. ಈ ದಾರಿ ನಮ್ಮಂಥ ಓಡುವವರಿಗಾಗಿ ಮಾಡಿದ್ದಲ್ಲ. ಬೆಳಿಗ್ಗೆ ಹಾಲಿನ ಕ್ಯಾನ್ ಹೊತ್ತ ಬೈಕು ಡೈರಿಗೆ ಹೋಗುತ್ತಿರುತ್ತದೆ. ನಾಟಿ ಕಾಲದಲ್ಲಿ ಹೆಂಗಸರು ಗುಂಪಾಗಿ ಗದ್ದೆಗೆ ಹೊರಟಿರುತ್ತಾರೆ. ಸುಗ್ಗಿಯಲ್ಲಿ ರಸ್ತೆ ಅಂಚಿಗೆ ಹುಲ್ಲು ಹರಡಿರುತ್ತಾರೆ, ಅದರ ಮೇಲೆ ಕಾಲಿಟ್ಟರೆ ಜಾರುತ್ತದೆ. ಹುಲ್ಲು ಅವರ ಕೆಲಸ, ಸುತ್ತಿಕೊಂಡು ಹೋಗಬೇಕಾದವರು ನಾವು. ಬಂಗಾರದೊಡ್ಡಿ ನಾಲೆ ನೀರಿನಲ್ಲಿ ಇಲ್ಲಿ ಗದ್ದೆ ಮಾಡುತ್ತಾರೆ. ಕಂಠೀರವ ನರಸರಾಜ ಒಡೆಯರ ಕಾಲದ ನಾಲೆ ಅದು, ಸುಮಾರು 350 ವರ್ಷ ದಾಟಿದೆ. ಹೊಳೆ ಮೇಲೆಯೇ ಹಾಯಿಸಿ ದ್ವೀಪದೊಳಕ್ಕೆ ನೀರು ತಂದಿದ್ದಾರೆ. ಇಷ್ಟು ಹಳೆಯ ಕೆಲಸದ ಜಾಗದಲ್ಲಿ ನಾವು ಹಾದು ಹೋಗುವವರು. ನಾಲ್ಕು ದಿನ ನಕ್ಕು ನಮಸ್ಕಾರ ಹೇಳಿ ನೋಡಿ. ಐದನೇ ದಿನ ನೀವು ಬರದಿದ್ದರೆ ಎಲ್ಲಿ ಹೋದಿರಿ ಅಂತ ಅವರೇ ಕೇಳುತ್ತಾರೆ. ಒಬ್ಬರೇ ಓಡುವವರಿಗೆ ಇದಕ್ಕಿಂತ ದೊಡ್ಡ ರಕ್ಷಣೆ ಇಲ್ಲ.

ಸಂಗಮದ ಬಗ್ಗೆ ಬೇರೆಯೇ ಹೇಳಬೇಕು. ಬೆಳಿಗ್ಗೆ ಬೇಗ ಅಲ್ಲಿಗೆ ಬರುವವರು ಅಸ್ಥಿ ಬಿಡಲು ಬಂದವರು. ತಲೆ ಬೋಳಿಸಿಕೊಂಡ ಮಗ, ಮಡಕೆ, ಬಾಳೆಎಲೆ ಮೇಲೆ ಪಿಂಡ, ಅದಕ್ಕಾಗಿ ಕಾದಿರುವ ಕಾಗೆಗಳು. ದಯವಿಟ್ಟು ಅವರ ಮಧ್ಯೆ ಓಡಬೇಡಿ. ಮೆಟ್ಟಿಲಿಗೆ ಇನ್ನೂ ದೂರ ಇರುವಾಗಲೇ ನಡಿಗೆಗೆ ಇಳಿಯಿರಿ, ಕಿವಿಯ ಇಯರ್‌ಫೋನ್ ತೆಗೆಯಿರಿ. ಮೆಟ್ಟಿಲವರೆಗೆ ಹೋಗದೆ ಅಲ್ಲಿಂದಲೇ ತಿರುಗಿದರೂ ನಷ್ಟವಿಲ್ಲ. ನೀರಿಗಂತೂ ಇಳಿಯಲೇಬೇಡಿ. ಹೊಳೆಯ ಎರಡು ಕವಲು ಸೇರುವ ಜಾಗ, ಮೇಲೆ ಶಾಂತ ಕಂಡರೂ ಒಳಗೆ ಸೆಳೆತ ಇದೆ. ಜೊತೆಗೆ ಈ ಹೊಳೆಯಲ್ಲಿ ಮೊಸಳೆ ಇರುವುದು ನಿಜ. ರಂಗನತಿಟ್ಟು ಪಕ್ಷಿಧಾಮದ ಬಂಡೆ ಮೇಲೆ ಬಿಸಿಲು ಕಾಯಿಸುವ ಮೊಸಳೆಗಳು ಅಲ್ಲಿಗೇ ಕಟ್ಟಿಹಾಕಿದವುಗಳಲ್ಲ.

ಕುಕ್ಕರಹಳ್ಳಿ ಸುತ್ತು

ಗಂಜಾಂನವರು ದಾರಿ ಚೆನ್ನಾಗಿ ಹೇಳಿದ್ದಾರೆ. ನಾನು ಮೈಸೂರಿನವನು. ವಾರದ ದಿನ ಕುಕ್ಕರಹಳ್ಳಿ ಕೆರೆ ಸುತ್ತ ಓಡುತ್ತೇನೆ, ಭಾನುವಾರ ಆಗಾಗ ಪಟ್ಟಣಕ್ಕೆ ಬರುತ್ತೇನೆ. ಮಂಡಿ ವಿಷಯಕ್ಕೆ ಎರಡು ಮಾತು ಸೇರಿಸುತ್ತೇನೆ.

ಡಾಂಬರು ರಸ್ತೆ ಕಣ್ಣಿಗೆ ಸಮವಾಗಿ ಕಾಣುತ್ತದೆ. ನಿಜವಾಗಿ ಮಧ್ಯ ಎತ್ತರ, ಎರಡೂ ಅಂಚು ತಗ್ಗು, ಮಳೆ ನೀರು ಹರಿದು ಹೋಗಲಿ ಅಂತ. ಯಾವಾಗಲೂ ಒಂದೇ ಬದಿಯಲ್ಲಿ ಓಡಿದರೆ ಒಂದು ಕಾಲು ಯಾವಾಗಲೂ ತಗ್ಗಿನಲ್ಲೇ ಬೀಳುತ್ತದೆ. ನಿಮ್ಮ ಎಡ ಮಂಡಿಗೆ ಇದು ಒಳ್ಳೆಯದಲ್ಲ. ವಾಹನ ಇರುವಲ್ಲಿ ಬಲಬದಿಯಲ್ಲೇ ಓಡಿ, ಎದುರಿಗೆ ಬರುವುದು ಕಾಣಬೇಕು. ಗಂಜಾಂ ಒಳಗಿನ ಖಾಲಿ ಬೀದಿಗಳಲ್ಲಿ ಮಧ್ಯಕ್ಕೆ ಬನ್ನಿ. ಮಣ್ಣಿನ ಅಂಚು ಗಟ್ಟಿ ಇರುವ ಕಡೆ ಮಣ್ಣಿನಲ್ಲೇ ಓಡಿ, ಮಳೆ ಬಿದ್ದ ಮಾರನೇ ದಿನ ಬೇಡ. ಇಲ್ಲಿಯ ಗದ್ದೆ ಮಣ್ಣು ಶೂ ಅಡಿಗೆ ಮೆತ್ತಿಕೊಂಡರೆ ಪಾದ ತಿರುಚಿಕೊಳ್ಳುತ್ತದೆ.

ಹೆಜ್ಜೆ ಚಿಕ್ಕದಾಗಿರಲಿ. ದೊಡ್ಡ ಹೆಜ್ಜೆ ಹಾಕಿದಾಗ ಪಾದ ದೇಹಕ್ಕಿಂತ ಮುಂದೆ ಬೀಳುತ್ತದೆ, ಹೊಡೆತ ನೇರ ಮಂಡಿಗೆ. ಪಾದ ಸೊಂಟದ ಕೆಳಗೇ ಬೀಳುವ ಹಾಗೆ ಚಿಕ್ಕ ಚಿಕ್ಕ ಹೆಜ್ಜೆ ಬೇಗ ಬೇಗ ಹಾಕಿ. ವಾರದಲ್ಲಿ ಎರಡು ದಿನ ಓಟದ ಬದಲು ಮನೆಯಲ್ಲೇ ಕುರ್ಚಿಯಿಂದ ಎದ್ದು ಕೂರುವ ವ್ಯಾಯಾಮ, ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸುವುದು ಮಾಡಿ. ತೊಡೆ ಗಟ್ಟಿಯಾದರೆ ಮಂಡಿಗೆ ಭಾರ ಕಡಿಮೆ. ದುಬಾರಿ ಶೂ ಬೇಡ. ಕಾಲು ಬೆರಳಿನ ಮುಂದೆ ಸ್ವಲ್ಪ ಜಾಗ ಇರುವ ಸಾಮಾನ್ಯ ರನ್ನಿಂಗ್ ಶೂ ಸಾಕು. ಸಂಜೆ ಹೊತ್ತು ಅಂಗಡಿಗೆ ಹೋಗಿ ಕೊಳ್ಳಿ, ದಿನವಿಡೀ ನಿಂತು ಪಾಠ ಮಾಡಿದ ಪಾದ ಸಂಜೆಗೆ ಸ್ವಲ್ಪ ಊದಿರುತ್ತದೆ.

ಪಾಲಹಳ್ಳಿ ಸೊಸೆ

ಅಕ್ಕ, ನಾನು ಹೆಂಗಸಾಗಿ ಹೇಳಬೇಕಾದ್ದು ಹೇಳುತ್ತೇನೆ. ಐದೂವರೆ ಅನ್ನುವುದು ಇಲ್ಲಿ ವರ್ಷವಿಡೀ ಒಂದೇ ಅಲ್ಲ. ಜೂನ್‌ನಲ್ಲಿ ಆರಕ್ಕೆ ಮೊದಲೇ ಸೂರ್ಯ ಹುಟ್ಟುತ್ತಾನೆ, ಐದೂವರೆಗೆ ದಾರಿ ಕಾಣುತ್ತದೆ. ಜನವರಿಯಲ್ಲಿ ಸೂರ್ಯ ಬರುವುದೇ ಆರೂಮುಕ್ಕಾಲಿಗೆ. ಅದರ ಜೊತೆ ಹೊಳೆ ಮೇಲಿನ ಮಂಜು. ಧನುರ್ಮಾಸದಲ್ಲಿ ಕೆಲವು ದಿನ ಎದುರಿನ ತೆಂಗಿನ ಮರವೂ ಕಾಣುವುದಿಲ್ಲ. ಚಳಿಗಾಲದಲ್ಲಿ ಬೆಳಗಾದ ಮೇಲೆಯೇ ಹೊರಡಿ, ದೂರ ಕಡಿಮೆ ಮಾಡಿ. ಕೋಟೆ ಒಳಗೆ ರಂಗನಾಥಸ್ವಾಮಿ ಗುಡಿ ಸುತ್ತಮುತ್ತ ಒಂದು ಚಿಕ್ಕ ಸುತ್ತು ಹಾಕಿದರೂ ಆಯಿತು. ಧನುರ್ಮಾಸದಲ್ಲಿ ಬೆಳಗಿನ ಪೂಜೆಗೆ ಬರುವವರು ಇರುತ್ತಾರೆ, ಅಂಗಡಿಯವರು ಎದ್ದಿರುತ್ತಾರೆ, ದೀಪ ಇರುತ್ತದೆ. ತಿಳಿ ಬಣ್ಣದ ಬಟ್ಟೆ ಹಾಕಿಕೊಳ್ಳಿ, ಕೈಯಲ್ಲಿ ಚಿಕ್ಕ ಟಾರ್ಚ್ ಇರಲಿ.

ಟಾರ್ಚ್ ಹಾವಿಗೂ ಬೇಕು. ಗದ್ದೆ, ಕಬ್ಬು ಇರುವ ಕಡೆ ಇಲಿ, ಇಲಿ ಇರುವ ಕಡೆ ಹಾವು. ನಾಗರಹಾವು ಸದ್ದು ಕೇಳಿ ಸರಿದು ಹೋಗಬಹುದು. ಕೊಳಕುಮಂಡಲ ಹಾಗಲ್ಲ, ಒಣಗಿದ ಗರಿ ಬಣ್ಣದಲ್ಲಿ ಬಿದ್ದ ಜಾಗದಲ್ಲೇ ಬಿದ್ದಿರುತ್ತದೆ. ಹುಲ್ಲಿನ ಮೇಲೆ, ಸೋಗೆ ಮೇಲೆ ಕಾಲಿಡಬೇಡಿ. ಅಕಸ್ಮಾತ್ ಕಚ್ಚಿದರೆ ಹಗ್ಗ ಬಿಗಿಯುವುದು, ಕೊಯ್ಯುವುದು, ನಾಟಿ ಮದ್ದು ಯಾವುದೂ ಬೇಡ. ಕಾಲು ಅಲ್ಲಾಡಿಸದೆ ಸಿಕ್ಕ ಗಾಡಿಯಲ್ಲಿ ನೇರ ದೊಡ್ಡಾಸ್ಪತ್ರೆಗೆ. ನಮ್ಮ ಬೀದಿಯಲ್ಲಿ ಒಬ್ಬರು ಹಾಗೆ ಹೋಗಿಯೇ ಉಳಿದರು.

ನಾಯಿಗಳ ವಿಷಯ. ಗುಂಬಜ್ ಕಡೆ ಪ್ರವಾಸಿಗಳು ತಿಂಡಿ ಎಸೆಯುವುದರಿಂದ ಗುಂಪು ಸೇರುತ್ತವೆ. ಅಟ್ಟಿಸಿಕೊಂಡು ಬಂದರೆ ಓಡಬೇಡಿ, ನಿಂತುಬಿಡಿ. ಕೈ ಕೆಳಗೆ ಬಿಡಿ, ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ, ನಿಧಾನಕ್ಕೆ ನಡೆದು ಹೋಗಿ. ಹಲ್ಲು ತಾಗಿ ಚರ್ಮ ಗೀಚಿದರೂ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ಇಂಜೆಕ್ಷನ್ ಹಾಕಿಸಿಕೊಳ್ಳಿ. ಗೀರು ಅಷ್ಟೇ ಅಂತ ಸುಮ್ನೆ ಇರಬೇಡಿ.

ಬಟ್ಟೆ ಬಗ್ಗೆ ಯಾರಾದರೂ ಏನಾದರೂ ಅಂದಾರು ಅನ್ನುವ ಚಿಂತೆ ನಿಮಗಿದ್ದರೆ ಬಿಡಿ. ನಾನು ಚೂಡಿದಾರದಲ್ಲಿ ಶುರು ಮಾಡಿದೆ, ಈಗ ಟ್ರ್ಯಾಕ್ ಪ್ಯಾಂಟು. ಮೊದಲು ತಿರುಗಿ ನೋಡುತ್ತಿದ್ದ ಹೂ ಮಾರುವ ಅಜ್ಜಿ ಈಗ ತಮ್ಮ ಸೊಸೆಯನ್ನೂ ಕರೆದುಕೊಂಡು ಹೋಗು ಅನ್ನುತ್ತಾರೆ. ಮನೆಯವರಿಗೆ ಲೈವ್ ಲೊಕೇಶನ್ ಕಳಿಸಿ ಹೊರಡಿ. ನಿಮಿಷಾಂಬ ಗುಡಿಯಲ್ಲಿ ಹುಣ್ಣಿಮೆ, ಅಮಾವಾಸ್ಯೆಗೆ ವಿಪರೀತ ಜನ. ಆ ದಿನ ಆ ಕಡೆ ಓಟ ಆಗುವುದಿಲ್ಲ.

ಪಾಂಡವಪುರ 82

ಇಷ್ಟೆಲ್ಲ ಯಾಕೆ? ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಪಕ್ಕದ ರಸ್ತೆ ಇದೆಯಲ್ಲ. ಒಂದು ಏರಿಲ್ಲ, ಒಂದು ತಿರುವಿಲ್ಲ, ಕಿಲೋಮೀಟರುಗಟ್ಟಲೆ ನೀರಿನ ಪಕ್ಕದಲ್ಲೇ ಓಡಬಹುದು. ನಾನು ಅಲ್ಲೇ ಓಡುವುದು.

ಗಂಜಾಂ ಮನೆ

ಅಣ್ಣ, ನೀವು ಆ ದಾರಿ ಬಲ್ಲವರು. ಹೊಸಬರಿಗೆ, ಅದೂ ಒಬ್ಬರೇ ಹೋಗುವವರಿಗೆ, ನಾನಂತೂ ಹೇಳಲಾರೆ. ನಾಲೆ ದಂಡೆ ನೆಟ್ಟಗೆ ಇಳಿಜಾರಾಗಿ ನೀರಿಗೆ ಹೋಗುತ್ತದೆ, ಪಾಚಿ ಕಟ್ಟಿರುತ್ತದೆ. ಬಿದ್ದವರು ಹಿಡಿದು ಹತ್ತಲು ಏನೂ ಸಿಗುವುದಿಲ್ಲ. ಎಷ್ಟೋ ಕಡೆ ತಡೆಗೋಡೆ ಇಲ್ಲ. 2018ರ ನವೆಂಬರ್‌ನಲ್ಲಿ ನಿಮ್ಮ ತಾಲ್ಲೂಕಿನ ಕನಗನಮರಡಿ ಹತ್ತಿರ ಬಸ್ಸು ನಾಲೆಗೆ ಬಿದ್ದು 30 ಜನ ಹೋದರು. ಅದರಲ್ಲಿ ಶಾಲೆಯಿಂದ ಮನೆಗೆ ಹೊರಟಿದ್ದ ಮಕ್ಕಳೂ ಇದ್ದರು. ಬಸ್ಸಿನಲ್ಲಿದ್ದವರಿಗೇ ದಡ ಸಿಗಲಿಲ್ಲ. ಮಬ್ಬುಗತ್ತಲಲ್ಲಿ ಒಬ್ಬರೇ ಕಾಲು ಜಾರಿದರೆ ಕೂಗು ಕೇಳುವವರೂ ಇರುವುದಿಲ್ಲ. ಹೊಳೆ ಪಕ್ಕ ಓಡುವ ಖುಷಿಗೆ ದ್ವೀಪದ ಒಳಗೇ ಬೇಕಾದಷ್ಟು ಜಾಗ ಇದೆ.

ದುರ್ಗದ ಟೀಚರ್

ಎಲ್ಲರಿಗೂ ಮನಸಾರೆ ಧನ್ಯವಾದ. ಇಷ್ಟು ವಿವರವಾಗಿ ಯಾರು ಹೇಳುತ್ತಾರೆ! ಮೊದಲು ಒಂದು ಭಾನುವಾರ ಇಡೀ ಸುತ್ತನ್ನು ನಡೆದು ನೋಡಿದೆ. ಆಮೇಲೆ ಓಡಲು ಶುರು ಮಾಡಿದ್ದೇನೆ. ನನ್ನಂತೆಯೇ ಹೊಸದಾಗಿ ಬಂದವರು ಯಾರಾದರೂ ಇದನ್ನು ಓದಿದರೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ಪದ್ಯ ಹೇಳಿಕೊಳ್ಳುವ ಉಪಾಯ ನಿಜಕ್ಕೂ ಕೆಲಸ ಮಾಡುತ್ತದೆ. ಏಳನೇ ತರಗತಿಯ ಪದ್ಯ ಒಂದನ್ನು ಹೇಳಿಕೊಳ್ಳುತ್ತಾ ಓಡುತ್ತೇನೆ. ದರಿಯಾ ದೌಲತ್ ದಾಟಿದ ಮೇಲೆ ಮರಗಳ ನೆರಳಲ್ಲಿ ರಸ್ತೆ ನೆಟ್ಟಗಿದೆಯಲ್ಲ, ಅಲ್ಲೇ ಪ್ರತಿ ದಿನ ಸಾಲು ತುಂಡಾಗುತ್ತದೆ. ಕಾಲು ತಾನಾಗಿಯೇ ಓಡಲು ಹೊರಟಿರುತ್ತದೆ. ಅಲ್ಲಿಗೆ ಬಂದ ಕೂಡಲೇ ಈಗ ನಡಿಗೆ. ನಡೆಯುವಾಗ ಕಾಣುವುದು ಓಡುವಾಗ ಕಾಣುವುದಿಲ್ಲ. ಬೆಳ್ಳಕ್ಕಿಗಳು ಹೊಸ ಪೈರಿನ ಮಧ್ಯೆ ಒಂದೊಂದೇ ಕಾಲು ಎತ್ತಿಟ್ಟು ನಡೆಯುತ್ತಿರುತ್ತವೆ. ಎತ್ತರದಲ್ಲಿ ದೊಡ್ಡ ಕೊಕ್ಕರೆಗಳು ಸಾಲಾಗಿ ಹೊಳೆ ಕೆಳಗಿನ ಕಡೆಗೆ ಹೋಗುತ್ತವೆ. ರಂಗನತಿಟ್ಟಿನಿಂದ ಮೇವಿಗೆ ಹೊರಟವು ಇರಬೇಕು, ಅಲ್ವಾ? ಮಕ್ಕಳಿಗೆ ಸಲೀಂ ಅಲಿಯವರು ಹೇಳಿ 1940ರಲ್ಲಿ ಅದು ಪಕ್ಷಿಧಾಮ ಆಯಿತು ಅಂತ ಪಾಠ ಮಾಡುತ್ತಿದ್ದೆ. ಆ ಹಕ್ಕಿಗಳು ದಿನಾ ನನ್ನ ತಲೆ ಮೇಲೆ ಹಾದು ಹೋಗುವ ಊರಿನಲ್ಲಿ ಮನೆ ಮಾಡುತ್ತೇನೆ ಅಂತ ಎಣಿಸಿರಲಿಲ್ಲ.

ಹೊಳೆ ಅಂಚಲ್ಲಿ ಒಬ್ಬ ಮೀನುಗಾರರು ತೆಪ್ಪ ಸರಿ ಮಾಡುವುದನ್ನು ನಿಂತು ನೋಡಿದೆ. ತೆಪ್ಪವನ್ನು ಕವುಚಿ ಹಾಕಿದ್ದರು. ಒಳಗೆ ಸೀಳಿದ ಬಿದಿರಿನ ಹೆಣಿಗೆ. ಹೊರಗೆ ಪ್ಲಾಸ್ಟಿಕ್ ಗೊಬ್ಬರದ ಚೀಲಗಳನ್ನು ಬಿಚ್ಚಿ ಹೊಲಿದು ಹೊದಿಸಿದ್ದಾರೆ. ಅದರ ಮೇಲೆ ಡಾಂಬರು. ಹಳೆ ಡಬ್ಬದಲ್ಲಿ ಡಾಂಬರು ಕಾಯಿಸಿ, ಕೋಲಿಗೆ ಬಟ್ಟೆ ಸುತ್ತಿ, ಬಿರುಕು ಬಿಟ್ಟ ಕಡೆ ಒತ್ತಿ ಒತ್ತಿ ಬಳಿಯುತ್ತಿದ್ದರು. ಅಂಗೈಯಿಂದ ತಟ್ಟಿ ಕಿವಿಗೊಡುತ್ತಿದ್ದರು. ಟೊಳ್ಳು ಸದ್ದು ಬಂದರೆ ಬಟ್ಟೆ ಬಿದಿರಿನಿಂದ ಬಿಟ್ಟುಕೊಂಡಿದೆ ಅಂತ. ನಾನು ನಿಂತದ್ದು ನೋಡಿ, ಯಾವ ಊರಮ್ಮ, ಅಂದರು. ದುರ್ಗ ಅಂದೆ. ಅಲ್ಲಿ ಹೊಳೆ ಉಂಟಾ ಅಂತ ಕೇಳಿದರು. ಹೊಳೆ ಇರುವುದು ಹಿರಿಯೂರಿನ ಕಡೆ, ನಮ್ಮೂರಲ್ಲಿ ಕೋಟೆ ಹೊಂಡಗಳು ಅಂದೆ. ಈಗ ಅವರಿಗೂ ನನ್ನ ಗುರುತಿದೆ.

ಸಂಗಮಕ್ಕೆ ಹೋದಾಗ ನೀವು ಹೇಳಿದ ಹಾಗೆ ದೂರದಿಂದಲೇ ತಿರುಗುತ್ತೇನೆ. ಒಂದು ದಿನ ಅಲ್ಲಿ ಒಬ್ಬ ಹುಡುಗ ನನ್ನ ಶಾಲೆ ಮಕ್ಕಳ ವಯಸ್ಸಿನವನು, ಬೋಳು ತಲೆ, ಒದ್ದೆ ಪಂಚೆ, ಚಳಿಗೆ ನಡುಗುತ್ತಾ ನಿಂತಿದ್ದ. ಅಲ್ಲಿ ಓಡುವ ಬಟ್ಟೆಯಲ್ಲಿ ನಿಲ್ಲಲೂ ನನಗೆ ಮನಸ್ಸು ಬರಲಿಲ್ಲ. ಈ ಮಾತು ಹೇಳಿಕೊಟ್ಟದ್ದಕ್ಕೆ ಗಂಜಾಂನವರಿಗೆ ವಿಶೇಷ ಧನ್ಯವಾದ.

ಮಂಡಿ ಪರವಾಗಿಲ್ಲ. ಖಾಲಿ ಬೀದಿಯಲ್ಲಿ ಮಧ್ಯಕ್ಕೆ ಬಂದು ಓಡುವುದರಿಂದ ವ್ಯತ್ಯಾಸ ಗೊತ್ತಾಗುತ್ತಿದೆ. ಹಿಮ್ಮಡಿ ಸ್ವಲ್ಪ ಬಿಗಿ, ಮೆಟ್ಟಿಲ ವ್ಯಾಯಾಮ ಮಾಡುತ್ತಿದ್ದೇನೆ. ಪಾಲಹಳ್ಳಿಯ ತಂಗಿ, ಭಾನುವಾರ ಒಟ್ಟಿಗೆ ಹೋಗೋಣವಾ?

ಒಂದೇ ಪ್ರಶ್ನೆ ಉಳಿದಿದೆ. ಹೊಳೆಗೆ ನೀರು ಬಿಡುವುದು ಮೊದಲೇ ಹೇಗೆ ತಿಳಿಯುತ್ತದೆ? ನಿನ್ನೆ ಮೆಟ್ಟಿಲ ಹತ್ತಿರ ನೀರು ಕೆಂಪಾಗಿತ್ತು, ಮೊನ್ನೆಗಿಂತ ಎರಡು ಮೆಟ್ಟಿಲು ಮೇಲಿತ್ತು.

ಪಾಲಹಳ್ಳಿ ಸೊಸೆ

ಖಂಡಿತ ಬರುತ್ತೇನೆ ಅಕ್ಕ. ಆರು ಗಂಟೆಗೆ ದರಿಯಾ ದೌಲತ್ ಗೇಟಿನ ಎದುರು.

ಗಂಜಾಂ ಮನೆ

ಮೇಡಂ, ನೀರು ಕೆಂಪಾಗಿದ್ದು ನೀವೇ ಗಮನಿಸಿದ್ದು ಒಳ್ಳೆಯದಾಯಿತು. ಅದು ಕೊಡಗಿನಲ್ಲಿ ಮಳೆ ಹಿಡಿದಿರುವ ಗುರುತು.

ಕೆಆರ್‌ಎಸ್ ಅಣೆಕಟ್ಟೆಯ ಪೂರ್ತಿ ಮಟ್ಟ 124.80 ಅಡಿ. ದಿನಾ ಪೇಪರಿನಲ್ಲಿ ಕಟ್ಟೆಯ ಮಟ್ಟ, ಒಳಹರಿವು, ಹೊರಹರಿವು ಮೂರೂ ಬರುತ್ತವೆ. ಮಟ್ಟ ತುಂಬುವ ಹತ್ತಿರ ಇದ್ದು ಒಳಹರಿವು ಏರುತ್ತಿದ್ದರೆ ಇವತ್ತಲ್ಲ ನಾಳೆ ಗೇಟು ತೆಗೆಯುತ್ತಾರೆ. ಸಾಮಾನ್ಯವಾಗಿ ಜುಲೈ, ಆಗಸ್ಟ್‌ನಲ್ಲಿ. 2025ರಲ್ಲಂತೂ ಜೂನ್ ಕೊನೆಗೇ ಕಟ್ಟೆ ತುಂಬಿತು. ಹಾಗಾಗಿ ತಿಂಗಳು ನೋಡಬೇಡಿ, ಅಂಕಿ ನೋಡಿ. ಹೊರಹರಿವು ಒಂದು ಲಕ್ಷ ಕ್ಯೂಸೆಕ್ ಕಡೆ ಹೊರಟಿತು ಅಂದರೆ ನಿಮಿಷಾಂಬದ ಮೆಟ್ಟಿಲು, ಸಂಗಮ ಎಲ್ಲ ಮುಳುಗುತ್ತವೆ, ವೆಲ್ಲೆಸ್ಲಿ ಸೇತುವೆ ಹತ್ತಿರ ಪೊಲೀಸರು ಬ್ಯಾರಿಕೇಡ್ ಹಾಕುತ್ತಾರೆ. ರಂಗನತಿಟ್ಟಿನಲ್ಲಿ ದೋಣಿ ನಿಂತಿದೆ ಅಂತ ಸುದ್ದಿ ಬಂದರೆ ಅದೂ ಒಂದು ಸೂಚನೆ. ನದಿ ಪಾತ್ರಕ್ಕೆ ಇಳಿಯಬೇಡಿ ಅಂತ ಪ್ರಕಟಣೆ ಬಂದ ದಿನದಿಂದ ದಂಡೆ ಬಿಟ್ಟುಬಿಡಿ. ಸುಮ್ನೆ ನೋಡಿ ಬರೋಣ ಅಂತಲೂ ಹೋಗಬೇಡಿ. ಮೆಟ್ಟಿಲ ಮೇಲಿನ ನೀರು ಏರುವುದು ಕಣ್ಣಿಗೆ ಗೊತ್ತಾಗುವುದಿಲ್ಲ.

ನೀರು ಇಳಿದ ಮೇಲೂ ತಕ್ಷಣ ಬೇಡ. ಮೆಟ್ಟಿಲಿನ ಮೇಲೆ ನುಣ್ಣನೆ ಕೆಸರು ಉಳಿದಿರುತ್ತದೆ, ಕೊಚ್ಚಿಕೊಂಡು ಬಂದ ಹಾವುಗಳು ಕಸದ ರಾಶಿಯಲ್ಲಿ ಇರುತ್ತವೆ. ಆ ವಾರ ಕೋಟೆ ಒಳಗಿನ ಸುತ್ತು ಹಾಕಿ, ಇಲ್ಲವೇ ಬಸ್ ಸ್ಟ್ಯಾಂಡಿನಿಂದ ಗುಂಬಜ್‌ವರೆಗೆ ಹೋಗಿ ತಿರುಗಿ. ಎರಡು ಮೆಟ್ಟಿಲು ಏರಿದೆ ಅಂದರೆ ಇನ್ನೂ ಭಯ ಪಡುವಷ್ಟಿಲ್ಲ, ಆದರೆ ಇವತ್ತಿನ ಪೇಪರ್ ನೋಡಿಯೇ ಭಾನುವಾರದ ದಾರಿ ಇಬ್ಬರೂ ತೀರ್ಮಾನ ಮಾಡಿ.